ದೊಡ್ಡವ್ವನ ಪಾಲಿನ ಮಾತ್ರೆ

ಕೊನೆಗಾಲದಲ್ಲಿ ದೊಡ್ಡವ್ವನ ಬಲಗೈ ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಉಪ್ಪು ಉದುರಿಸುವವರ ಹಾಗೆ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಲೇ ಇರುತ್ತಿತ್ತು. ಅದೇ ಕೈ ಒಂದು ಕಾಲಕ್ಕೆ ಇಡೀ ಗದ್ದೆಯ ಕೂಲಿಯಾಳುಗಳಿಗಾಗುವಷ್ಟು ಹಿಟ್ಟನ್ನು ಗಂಟಿಲ್ಲದಂತೆ ತಿರುವಿ ಮುದ್ದೆ ಕಟ್ಟುತ್ತಿತ್ತು. ಕೃಷ್ಣರಾಜನಗರದ ಹತ್ತಿರದ ಆ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ, ಮುದ್ದೆ ಕಟ್ಟಲು ಬಾರದ ನನ್ನನ್ನು ನಮ್ಮತ್ತೆ ಬೈದು ಅಟ್ಟಿದ್ದು ಪಕ್ಕದ ಮನೆಯ ಈ ದೊಡ್ಡವ್ವನ ಹತ್ತಿರಕ್ಕೆ. "ಕೈ ಒದ್ದೆ ಮಾಡ್ಕ, ಎದ್ರುಕಬ್ಯಾಡ. ಬಿಸಿ ಅಂತ ಬುಟ್ರೆ ಆಗಾಕಿಲ್ಲ ಕಣವ್ವ" ಎಂದು ಕಲಿಸಿದ್ದರು.

ಅವರು ವಿಧವೆ. ಒಬ್ಬನೇ ಮಗ, ಮೂವತ್ತರ ಹತ್ತಿರದವನು. ಗದ್ದೆ ನೋಡಿಕೊಂಡು ಚೆನ್ನಾಗಿಯೇ ಇದ್ದವನಿಗೆ ಯಾರೋ ಕಿವಿಯಲ್ಲಿ ಮಾತಾಡುತ್ತಾರೆ, ಊಟಕ್ಕೆ ವಿಷ ಹಾಕುತ್ತಾರೆ ಎಂಬ ಭಯ ಹಿಡಿಯಿತು. ತಾಯತ ಕಟ್ಟಿಸಿದರು, ಹರಕೆ ಹೊತ್ತರು. ಊರವರ ಮಾತು ಕೇಳಿ ಕೊಟ್ಟಿಗೆಯ ಕಂಬಕ್ಕೂ ಕಟ್ಟಿಹಾಕಿದರು. ಅವನ ಕೂಗು ಕೇಳಲಾರದೆ ತಾವೇ ಬಿಚ್ಚಿ, ರೈಲು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ತಲೆಗೆ ಕರೆಂಟು ಕೊಟ್ಟರು. ಆಗಷ್ಟೇ ಹೊಸದಾಗಿ ಬಂದಿದ್ದ ಮಾತ್ರೆ ಕೊಟ್ಟು, ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ ಎಂದು ಎಚ್ಚರಿಸಿ ಕಳಿಸಿದರು.

ಮನೆಗೆ ಬಂದವನು ಮಾತ್ರೆ ಉಗುಳತೊಡಗಿದ. ಒಂದು ದಿನ ನಾಲೆಯಲ್ಲಿ ಕತ್ತಿನವರೆಗೆ ನೀರಿಗಿಳಿದು ನಿಂತವನನ್ನು ಎಳೆದು ತಂದರು. ಆಮೇಲೆ ದೊಡ್ಡವ್ವ ಮಾತ್ರೆಯನ್ನು ಮುದ್ದೆಯೊಳಗಿಟ್ಟರು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ, ಸಾರಿನಲ್ಲಿ ಅದ್ದಿ ನುಂಗುವುದೇ. ಕೆಲವು ದಿನ ನಡೆಯಿತು. ಒಂದು ಮಧ್ಯಾಹ್ನ ತುತ್ತು ಮುರಿಯುವಾಗ ಮಾತ್ರೆ ಅವನ ಬೆರಳಿಗೆ ಸಿಕ್ಕಿತು. ತಟ್ಟೆ ಗೋಡೆಗೆ ಬಡಿಯಿತು.

"ನೀನೂ ಅವ್ರ ಕಡೀಕೇ ಸೇರ್ಕಂಡ್ಯ, ಅವ್ವ?"

ನಾನು ಅಲ್ಲೇ ಇದ್ದೆ. ನನಗೆ ಅಳು ಬಂತು, ದೊಡ್ಡವ್ವನಿಗೆ ಬರಲಿಲ್ಲ. ಡಬ್ಬಿಯಿಂದ ಇನ್ನೆರಡು ಮಾತ್ರೆ ತಂದು, ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ತಮ್ಮ ತುತ್ತಿನೊಳಗಿಟ್ಟುಕೊಂಡರು. "ಡಾಕ್ಟ್ರು ನನ್ಗೂ ಕೊಟ್ಟವ್ರೆ ಕಣಪ್ಪ, ನೋಡು" ಎಂದು ನುಂಗಿದರು. ಅವನು ಬಹಳ ಹೊತ್ತು ಅವರ ಗಂಟಲನ್ನೇ ನೋಡಿ, ತಾನೂ ನುಂಗಿದ.

ಅಂದಿನಿಂದ ಅದೇ ಪದ್ಧತಿಯಾಯಿತು. ಮಾತ್ರೆ ಕಳೆದುಹೋಯಿತೆಂದು ಆಸ್ಪತ್ರೆಯಲ್ಲಿ ಸುಳ್ಳು ಹೇಳಿ ಹೆಚ್ಚಾಗಿ ತರುತ್ತಿದ್ದರು. ಒಲೆಯ ಮುಂದೆಯೇ ತೂಕಡಿಸುತ್ತಿದ್ದರು. ಕೈ ನಡುಕ ಶುರುವಾಯಿತು. ವಯಸ್ಸಾಯಿತು ಎಂದು ಊರು ಅಂದುಕೊಂಡಿತು. ನಾನು ಒಮ್ಮೆ ರೇಗಿಯೇಬಿಟ್ಟೆ.

"ನುಂಗ್ದಂಗೆ ಮಾಡಿ ಉಗುದ್ಬುಡಿ ದೊಡ್ಡವ್ವ. ನಿಮ್ ಜೀವ ಓಯ್ತದೆ."

"ಅವ್ನ ಕಣ್ಣು ನನ್ ಗಂಟ್ಲ ಮ್ಯಾಲೇ ಇರ್ತದೆ ಕಣವ್ವ. ಒಂದ್ಸಲ ಸಿಕ್ಕಾಕಂಡ್ರೆ ಇನ್ಯಾವತ್ತೂ ನಂಬಾಕಿಲ್ಲ. ತಿರ್ಗಾ ನಾಲೆಗೋಗಿ ನಿಂತ್ಕತಾನೆ."

ಮರುದಿನದಿಂದ ಅವರ ಮನೆಯ ಮುದ್ದೆಯನ್ನೂ ನಾನೇ ತಿರುವಿ ಕೊಡತೊಡಗಿದೆ.

ಅವರು ತೀರಿಕೊಂಡದ್ದು ಒಲೆಯ ಪಕ್ಕದಲ್ಲಿ, ಕುಳಿತಲ್ಲಿಯೇ. ಕಾರ್ಯ ಮುಗಿದ ಮರುದಿನ ಅವನಿಗೆ ಮುದ್ದೆ ಬಡಿಸಿ, ಮಾತ್ರೆಯನ್ನು ತಟ್ಟೆಯ ಅಂಚಿನಲ್ಲಿಟ್ಟೆ. ಅವನು ಅದನ್ನು ಬೆರಳಿನಿಂದ ಆಚೆಗೆ ತಳ್ಳಿದ.

"ಬ್ಯಾಡ ಬುಡಿ ಅತ್ಗೆ."

"ಯಾಕಪ್ಪ? ಇಷ್ಟು ದಿನ ನುಂಗ್ತಿದ್ದಲ್ಲ?"

"ಅವ್ವಂಗೆ ಉಸಾರಿರ್ನಿಲ್ವಲ್ಲ. ಕೈ ಎಂಗೆ ನಡುಗ್ತಿತ್ತು, ನೀವೂ ನೋಡಿದ್ರಲ್ಲ. ನಾನು ಬ್ಯಾಡ ಅಂದಿದ್ರೆ ಅವ್ಳೂ ನುಂಗ್ತಿರ್ನಿಲ್ಲ. ಅದ್ಕೇ ನುಂಗ್ತಿದ್ದೆ."

ಎದ್ದು ಮಾತ್ರೆಯ ಡಬ್ಬಿ ತಂದೆ. ಅದರಲ್ಲಿ ಇಬ್ಬರಿಗಾಗುವಷ್ಟು ಮಾತ್ರೆ ಇನ್ನೂ ಇತ್ತು. ನಾನೂ ಒಂದು ತಟ್ಟೆ ಹಾಕಿಕೊಂಡು ಅವನೆದುರು ಕುಳಿತೆ.

"ನನ್ಗೂ ಉಸಾರಿಲ್ಲ ಕಣಪ್ಪ" ಎಂದು ತುತ್ತು ಮುರಿದು ಒಂದನ್ನು ಒಳಗಿಟ್ಟೆ. ಅವನ ಕಣ್ಣು ನನ್ನ ಗಂಟಲ ಮೇಲಿತ್ತು.