ನೀಲಗಂಗವ್ವನ ಸೋಮವಾರ

ಬೆಳ್ಳಟ್ಟಿಯ ನೀಲಗಂಗವ್ವ ನೋವನ್ನು ಬಾಯಿಬಿಟ್ಟು ಹೇಳಿದವಳಲ್ಲ. ಹೆರಿಗೆಯಲ್ಲೂ ಸೊಸೆಯ ದನಿ ಪಡಸಾಲೆಗೆ ಕೇಳಲಿಲ್ಲವೆಂದು ಅತ್ತೆ ಓಣಿಯೆಲ್ಲ ಹೊಗಳಿದ್ದಳು. ಆ ಹೊಗಳಿಕೆ ಮೈಗೆ ಅಂಟಿಕೊಂಡುಬಿಟ್ಟಿತ್ತು. ರೊಟ್ಟಿ ಹಂಚು ಕೈಗೆ ತಾಗಿದರೂ ‘ಶಿವಾ’ ಎಂದು ಸುಮ್ಮನಾಗುವಳು.

ಎದೆಯ ಗಂಟು ತೆಗೆಸಿ, ಗದಗಿನ ಆಸ್ಪತ್ರೆಯಲ್ಲಿ ಕಿಮೋ ಶುರುವಾದಾಗಲೂ ಹಾಗೆಯೇ. ಔಷಧಿ ನರಕ್ಕಿಳಿದಂತೆ ಮುಂಗೈಯಿಂದ ಮೊಳಕೈವರೆಗೆ ಮೆಣಸಿನಕಾಯಿ ತಿಕ್ಕಿದ ಹಾಗೆ ಉರಿಯಿತು. ಹಲ್ಲು ಕಚ್ಚಿ ಕುಳಿತಳು. ಎರಡನೆಯ ಸಲ ಉರಿ ಇನ್ನೂ ಹೆಚ್ಚಾಯಿತು. ಮನೆಗೆ ಬಂದವಳೇ ಗಂಡ ಮುದಕಪ್ಪನಿಗೆ, “ಇನ್ನ ಆ ಸೂಜಿಗೆ ಕೈ ಕೊಡೂದಿಲ್ಲ. ಶಿವ ಇಟ್ಟಂಗ ಇರ್ತೀನಿ,” ಎಂದಳು.

ಮುದಕಪ್ಪ ಎದುರಾಡಲಿಲ್ಲ. “ಆತು. ಅದನ್ನ ನಿನ್ನ ಬಾಯಿಲೇ ಅವರಿಗೆ ಹೇಳಿ ಬರೂಣ ಬಾ,” ಎಂದು ಗದಗಿನ ಬಸ್ಸು ಹತ್ತಿಸಿದ.

ನರ್ಸ್ ಸುನಿತಾ ಎಲ್ಲ ಕೇಳಿಸಿಕೊಂಡಳು. “ಉರೀವಾಗ ಯಾಕ ಹೇಳ್ಲಿಲ್ರಿ ಅವ್ವಾ?”

“ಔಷಧ ಅಂದಮ್ಯಾಲೆ ಉರೀದ ಬಿಡ್ತೈತೇನವಾ?”

“ಹಂಗ ತಡಕೋಬಾರದ್ರಿ. ಔಷಧ ನರದ ಹೊರಗ ಸೋರಿದ್ರೂ ಉರೀತೈತಿ. ಹೇಳಿದ್ರ ನೋಡ್ತೀವಿ, ಸಾವಕಾಶ ಬಿಡ್ತೀವಿ, ಬೇಕಾದ್ರ ಬ್ಯಾರೆ ನರ ಹುಡುಕ್ತೀವಿ. ಎರಡೂ ಸಲ ನಿಮ್ಮ ನರ ಸಿಗದ ತಡಕಾಡೀನಿ. ನೀರು ಕುಡದು ಬಂದಿದ್ರೇನು?”

ನೀಲಗಂಗವ್ವ ತಲೆ ತಗ್ಗಿಸಿದಳು. ಮುದಕಪ್ಪನೇ ಬಾಯಿಬಿಟ್ಟ: “ಎಲ್ಲಿ ನೀರ್ರಿ! ಸೋಮವಾರ ಆಕಿ ಉಗುಳೂ ನುಂಗೂದಿಲ್ಲ.”

ರೋಗ ಗೊತ್ತಾದಂದೇ ಅವಳು ಹರಕೆ ಹೊತ್ತಿದ್ದಳು: ವಾಸಿಯಾಗುವ ತನಕ ಸೋಮವಾರ ನೀರೂ ಮುಟ್ಟದ ಉಪವಾಸ. ಕಿಮೋದ ದಿನವೂ ಸೋಮವಾರವೇ.

“ನೀರು ಕುಡದ್ರ ನರ ಉಬ್ಬತಾವ್ರಿ, ಸೂಜಿ ಸಸಾರ ಆಗ್ತೈತಿ,” ಎಂದಳು ಸುನಿತಾ.

“ಹರಕಿ ಮುರದ್ರ ರೋಗ ಹೋಗ್ತೈತೇನವಾ?”

ಮುದಕಪ್ಪ ಹೆಂಡತಿಯ ಕಡೆ ತಿರುಗಿದ. “ಕಿಮೋದ ಸೋಮವಾರ ನಂಗ ಕೊಡು. ಆ ಉಪವಾಸ ನಾ ಹಿಡಿತೀನಿ.”

“ನೀವಾ? ಹೊಟ್ಟಿಗೆ ರೊಟ್ಟಿ ಬೀಳದ ಹೊಸ್ತಿಲಾ ದಾಟದವರು!”

“ನಮ್ಮವ್ವ ಹಾಸಿಗಿ ಹಿಡದಾಗ ಆಕಿ ಸೋಮವಾರ ನೀ ಹಿಡೀಲಿಲ್ಲೇನು? ಶಿವ ಅದನ್ನ ವಾಪಸ್ ಕಳಿಸಿದ್ನೇನು?”

ಆ ಮಾತು ಖರೆ. “ಹಂಗಾದ್ರ ಹಿಡೀರಿ,” ಎಂದಳು.

ಮುಂದಿನ ಸರದಿಯ ದಿನ ಅವಳು ಎದ್ದಾಗಿನಿಂದ ಸ್ವಲ್ಪ ಸ್ವಲ್ಪವೇ ನೀರು ಕುಡಿದಳು. ಸುನಿತಾ ಡಾಕ್ಟರನ್ನು ಕೇಳಿಕೊಂಡು ಬಂದು, ಕೈಗೆ ಹದವಾದ ಬಿಸಿಯ ಬಟ್ಟೆ ಸುತ್ತಿದಳು. ನರ ಬೇಗ ಸಿಕ್ಕಿತು. ಔಷಧಿ ಹನಿಯತೊಡಗಿತು.

ಸ್ವಲ್ಪ ಹೊತ್ತಿಗೆ ಮಣಿಕಟ್ಟಿನಲ್ಲಿ ಸಣ್ಣಗೆ ಉರಿ ಎದ್ದಿತು. ಹಲ್ಲುಗಳು ತಾವಾಗಿಯೇ ಬಿಗಿದವು. ಬಾಗಿಲಾಚೆ ಮುದಕಪ್ಪ ಬೆಂಚಿನ ಮೇಲೆ, ಚಹಾದವನ ಕಡೆ ಬೆನ್ನು ಮಾಡಿ, ಒಣಗಿದ ತುಟಿ ಸವರಿಕೊಳ್ಳುತ್ತ ಕುಳಿತಿದ್ದ. ಅವನು ಹಸಿದು ಕುಳಿತಿರುವಾಗ ತಾನು ಬಾಯಿ ಮುಚ್ಚಿಕೊಂಡರೆ ಆ ಉಪವಾಸ ದಂಡವಲ್ಲವೇ ಅನ್ನಿಸಿತು.

“ಸುನಿತಾ! ಉರಿಯಾಕ ಹತ್ತೈತಿ, ಜಲ್ದಿ ಬಾರವಾ!”

ವಾರ್ಡೆಲ್ಲ ತಿರುಗಿ ನೋಡಿತು. ಸುನಿತಾ ಓಡಿಬಂದು ಔಷಧಿ ನಿಲ್ಲಿಸಿದಳು. ಸೂಜಿಯ ಸುತ್ತ ಬಾವು ಬಂದಿಲ್ಲ, ಸೋರಿಲ್ಲವೆಂದು ಖಾತ್ರಿ ಮಾಡಿಕೊಂಡು, ಹನಿಯನ್ನು ನಿಧಾನಕ್ಕೆ ಬಿಟ್ಟಳು. ಉರಿ ಮೆಲ್ಲಗೆ ಇಳಿಯಿತು.

ಮುದಕಪ್ಪ ಗಾಬರಿಯಿಂದ ಬಾಗಿಲಲ್ಲಿ ಇಣುಕಿದ. “ಏನಾತು?”

“ಏನಿಲ್ಲ, ಹೋಗಿ ಕುಂಡ್ರಿ,” ಎಂದಳು ನೀಲಗಂಗವ್ವ. “ಮುಂದಿನ ಸರದಿ ಸೋಮವಾರಾನೂ ನಿಮ್ಮದ ಐತಿ.”