ಭಾನುವಾರದ ಡೊಂಬಿವಲಿ, ಸೋಮವಾರದ ಕಲ್ಯಾಣ

ನನಗೊಂದು ದುರಭ್ಯಾಸವಿದೆ. ಯಾರ ಜೊತೆ ಸ್ವಲ್ಪ ಹೊತ್ತು ಮಾತಾಡಿದರೂ ಅವರ ಧ್ವನಿ ಬಂದು ನನ್ನ ಗಂಟಲಿನಲ್ಲಿ ಬಾಡಿಗೆಗೆ ಕೂತುಬಿಡುತ್ತದೆ, ಅಡ್ವಾನ್ಸ್ ಕೂಡ ಕೊಡದೆ. ಹಾಗಾಗಿ ಬೆಂಗಳೂರಿನಿಂದ ಯಾರಾದರೂ ಫೋನ್ ಮಾಡಿ, "ನಿಮ್ಮ ಮುಂಬೈ ಕಡೆ ಕೆಲಸ ಸಿಕ್ಕಿದೆ, ಸಂಸಾರ ಸಾಗಿಸಬೇಕು, ಯಾವ ಏರಿಯಾ ಒಳ್ಳೇದು?" ಎಂದು ಕೇಳಿದರೆ ನಾನು ಉತ್ತರ ಹೇಳುವುದಿಲ್ಲ, ಏಕಪಾತ್ರಾಭಿನಯ ಮಾಡುತ್ತೇನೆ. ಥಾಣೆ ಅಂದರೆ ವಾಸು ಚಿಕ್ಕಪ್ಪನಾಗುತ್ತೇನೆ. ಕೋಪರಖೈರಣೆ ಅಂದರೆ ಮನೆ ದಲ್ಲಾಳಿಯಾಗುತ್ತೇನೆ. ಕಲ್ಯಾಣ ಅಂದರೆ ಮಾತ್ರ ಅಮ್ಮನಾಗುತ್ತೇನೆ, ಮತ್ತು ಅಲ್ಲಿ ನಾಟಕ ಸ್ವಲ್ಪ ಉದ್ದವಾಗುತ್ತದೆ.

ಮೊನ್ನೆ ಹೀಗೇ ಕೇಳಿದವನು ನನ್ನ ಹಳೆಯ ಸಹಪಾಠಿ ಮಧು. ಅವನಿಗೆ ಥಾಣೆ ಹತ್ತಿರದ ರಬಾಳೆಯ ಕಂಪನಿಯೊಂದರಲ್ಲಿ ಕೆಲಸವಾಗಿದೆ. ಭಾನುವಾರ ಒಬ್ಬನೇ ಬಂದು ಏರಿಯಾಗಳನ್ನೆಲ್ಲ ನೋಡಿಕೊಂಡು ಹೋಗುತ್ತಾನಂತೆ. ಭಾನುವಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಅಪ್ಪ ನೆನಪಾದರು.

ಅಪ್ಪನಿಗೆ ಮೈಸೂರಿನಿಂದ ಮುಂಬೈಗೆ ವರ್ಗವಾದಾಗ ನಾನು ಪಿಯುಸಿ ಮುಗಿಸಿ, ಮೇಷ್ಟರುಗಳ ಅನುಕರಣೆಯಲ್ಲಿ ಮಾತ್ರ ಡಿಸ್ಟಿಂಕ್ಷನ್ ಪಡೆದು, ಮನೆಯಲ್ಲಿ ಕೂತಿದ್ದೆ. ತಂಗಿ ಹೈಸ್ಕೂಲಿನಲ್ಲಿದ್ದಳು. ಅಮ್ಮ ಒಂದೇ ಷರತ್ತು ಹಾಕಿದಳು: "ನಾನು ಬಂದು ನೋಡ್ತೀನಿ. ಇರಬಹುದು ಅನ್ನಿಸಿದ್ರೆ ಎಲ್ಲರೂ ಹೋಗೋಣ. ಇಲ್ಲದಿದ್ರೆ ನಾನು ಮಕ್ಕಳು ಇಲ್ಲೇ, ನೀವೊಬ್ಬರೇ ಅಲ್ಲಿ." ಅಪ್ಪ ಆಯಿತು ಎಂದರು. ಹಾಲು ಉಕ್ಕುವ ಮೊದಲು ಒಲೆ ಆರಿಸಬೇಕೆಂಬುದು ತಿಳಿಯದ ಮನುಷ್ಯ ಬೇರೇನು ಹೇಳಿಯಾರು?

ಮೇ ತಿಂಗಳಲ್ಲಿ ನಾವೆಲ್ಲ ಥಾಣೆಯ ಕೋಪರಿಯಲ್ಲಿದ್ದ ವಾಸು ಚಿಕ್ಕಪ್ಪನ ಮನೆಗೆ ಬಂದಿಳಿದೆವು. ಚಿಕ್ಕಪ್ಪ ಬಹಳ ವರ್ಷದಿಂದ ಅಲ್ಲಿದ್ದವನು. ಅವನ ಭೂಗೋಳದಲ್ಲಿ ಪ್ರಪಂಚ ಥಾಣೆಯ ಖಾಡಿಗೆ, ಅಂದರೆ ಆ ಕಡಲ ಹಿನ್ನೀರಿಗೆ, ಮುಗಿಯುತ್ತದೆ. "ಅತ್ತಿಗೆ, ಖಾಡಿ ದಾಟಿದ್ರೆ ಅದು ಮುಂಬೈ ಅಲ್ಲ, ವನವಾಸ," ಎನ್ನುತ್ತಿದ್ದ. ಮುಂಬೈಯೊಳಗಿನವರು ಥಾಣೆಯ ಬಗ್ಗೆ ಇದೇ ಮಾತು ಹೇಳುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ವನವಾಸ ಯಾವಾಗಲೂ ನಮ್ಮ ಮನೆಯಿಂದ ಮುಂದಿನ ಸ್ಟೇಷನ್ನಿನಲ್ಲೇ ಶುರುವಾಗುವುದು. ಆದರೆ ಚಿಕ್ಕಪ್ಪನ ಥಾಣೆಯ ಬಾಡಿಗೆ ಕೇಳಿ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಕಿವಿಗೆ ಬಿದ್ದದ್ದಕ್ಕೆ ಕನ್ನಡಕ ಯಾಕೆ ಒರೆಸಬೇಕೋ!

ಹಾಗಾಗಿ ಕೋಪರಖೈರಣೆಗೆ ಹೋದೆವು. ಮನೆ ನೋಡುವುದು ಹೆಣ್ಣು ನೋಡುವ ಶಾಸ್ತ್ರವೇ. ದಲ್ಲಾಳಿ ಎಂದರೆ ಮದುವೆ ಬ್ರೋಕರ್. ಅವನ ಬಾಯಲ್ಲಿ ದೋಷಗಳೆಲ್ಲ ಗುಣಗಳಾಗುತ್ತವೆ. ಪಕ್ಕದಲ್ಲಿ ಕೊಳಚೆ ನಾಲೆ ಇದ್ದರೆ "ಏಕ್‌ದಮ್ ಓಪನ್ ವ್ಯೂ, ಸಾಬ್." ಸ್ಟೇಷನ್ ಎಷ್ಟು ದೂರ ಎಂದರೆ "ಬಸ್, ಪಾಂಚ್ ಮಿನಿಟ್." ಆ ಐದು ನಿಮಿಷ ನಡೆಯುತ್ತ ನಡೆಯುತ್ತ ಅಪ್ಪನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಅಡುಗೆಮನೆಯೇ ಒಳಗೆ ಬಂತು, ಹುರಿಯುವ ಮೀನಿನ ಸಮೇತ. "ಕ್ರಾಸ್ ವೆಂಟಿಲೇಷನ್ ಸಾಬ್!" ಎಂದ ದಲ್ಲಾಳಿ. ಅಮ್ಮ ಸೆರಗನ್ನು ಮೂಗಿಗೆ ಹಿಡಿದಳು. ನಾನು ಮಾತ್ರ ಗುಟ್ಟಾಗಿ ಇನ್ನೊಂದು ಉಸಿರು ಎಳೆದುಕೊಂಡೆ.

ನದಿ, ವೈದ್ಯ, ವಿದ್ವಾಂಸರು ಇಲ್ಲದ ಊರಿನಲ್ಲಿ ನೆಲೆಸಬಾರದೆಂದು ನಮ್ಮ ಹಳಬರು ಹೇಳುತ್ತಿದ್ದರು. ಪಾಪ, ಅವರಿಗೆ ಲೋಕಲ್ ಗಾಡಿ ಗೊತ್ತಿರಲಿಲ್ಲ. ಗೊತ್ತಿದ್ದರೆ ನದಿಯನ್ನು ಬಿಟ್ಟು ಟೈಮ್‌ಟೇಬಲ್ ಸೇರಿಸುತ್ತಿದ್ದರು.

ಆ ಭಾನುವಾರ ಬೆಳಗ್ಗೆ ಡೊಂಬಿವಲಿಗೆ ಹೊರಟೆವು. ಗಾಡಿ ಖಾಲಿ. ಅಪ್ಪ ಕಿಟಕಿ ಪಕ್ಕ ಕೂತು, ಎದುರಿನ ಸೀಟಿನ ಮೇಲೆ ಕಾಲು ಚಾಚಿ, "ಇದಕ್ಕೆ ರಷ್ ಅಂತಾರೇನೋ? ಆಷಾಢ ಶುಕ್ರವಾರ ನಮ್ಮ ಬೆಟ್ಟದ ಬಸ್ಸು ಹತ್ತಲಿ ಇವರು, ಗೊತ್ತಾಗತ್ತೆ," ಎಂದರು. ಚಿಕ್ಕಪ್ಪ ಮೀಸೆಯೊಳಗೇ ನಕ್ಕ. ಗಾಡಿ ಖಾಲಿಯಿರುವುದು ಭಾನುವಾರ ಮಾತ್ರ ಎಂಬ ಗುಟ್ಟನ್ನು ಊರಿನವರು ಹೊಸಬರಿಗೆ ಹೇಳುವುದಿಲ್ಲ. ತಾವು ಪಟ್ಟ ಪಾಡು ಎಲ್ಲರಿಗೂ ಸಿಗಲಿ ಎಂಬ ಉದಾರತೆ.

ಡೊಂಬಿವಲಿಯ ಮನೆ ಎಲ್ಲರಿಗೂ ಹಿಡಿಸಿತು. ಮೊದಲ ಮಹಡಿ, ಗ್ಯಾಲರಿಯಲ್ಲಿ ತುಳಸಿ, ಮೇಲಿನ ಮನೆಯಲ್ಲಿ ಯಾರೋ ಹಾರ್ಮೋನಿಯಂ ಕಲಿಯುವ ಸದ್ದು. ಅಪ್ಪ ಟೋಕನ್ ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿಯೇಬಿಟ್ಟರು. ಅಮ್ಮ ತಡೆದಳು.

"ನಾಳೆ ಸಂಜೆ ಇನ್ನೊಂದ್ಸಲ ಬರೋಣ. ರೇಷ್ಮೆ ಸೀರೇಲಿ ನೋಡಿದ್ರೆ ಆಯ್ತಾ? ಪಾತ್ರೆ ತೊಳೆಯೋವಾಗ ನೋಡ್ಬೇಕು."

"ಹಾಗೆ ಯಾರು ನೋಡ್ತಾರೆ?"

"ನಿಮ್ಮಮ್ಮ ನನ್ನನ್ನ ಹಾಗೇ ನೋಡಿದ್ದು."

ಅಪ್ಪ ಜೇಬಿನಿಂದ ಕೈ ತೆಗೆದರು. ವಾಪಸು ಬರುವಾಗ ಥಾಣೆ ಮಾರ್ಕೆಟ್ಟಿನಲ್ಲಿ ಒಂದು ಗಳಿಗೆ ಮಾಯವಾಗಿ ಒಂದು ಪೊಟ್ಟಣದೊಂದಿಗೆ ಪ್ರತ್ಯಕ್ಷರಾದರು. ಅದರೊಳಗೆ ಒಂದು ಪುಟ್ಟ ಪ್ರೆಷರ್ ಕುಕ್ಕರ್. ಒಬ್ಬರಿಗೆ ಅನ್ನವಾಗುವಷ್ಟು, ಎರಡನೆಯವರು ಬಂದರೆ ಗಂಜಿ ಮಾಡಬೇಕಾಗುವಷ್ಟು. "ಸುಮ್ನೆ, ಸೇಲ್‌ನಲ್ಲಿತ್ತು," ಎಂದರು. ಅಮ್ಮ ಕುಕ್ಕರ್ ನೋಡಿದಳು, ಅಪ್ಪನನ್ನು ನೋಡಿದಳು. ನಾನು ಕುಕ್ಕರಿನ ಸೀಟಿ ಹೊಡೆದು ತೋರಿಸಿದೆ. ಯಾರೂ ನಗಲಿಲ್ಲ.

ಸೋಮವಾರ ಸಂಜೆ ತಂಗಿಯನ್ನು ಚಿಕ್ಕಪ್ಪನ ಮನೆಯಲ್ಲಿ ಬಿಟ್ಟು ನಾವು ಮೂವರೇ ಥಾಣೆ ಸ್ಟೇಷನ್ನಿಗೆ ಬಂದೆವು. ಅಮ್ಮ ಹೆಂಗಸರ ಡಬ್ಬಿಗೆ, ನಾವು ಪಕ್ಕದ್ದಕ್ಕೆ, ಡೊಂಬಿವಲಿಯಲ್ಲಿ ಸೇತುವೆಯ ಮೆಟ್ಟಿಲ ಹತ್ತಿರ ಸೇರುವುದು ಎಂದು ಮಾತಾಯಿತು. ಅಮ್ಮನ ಹತ್ತಿರ ಮೊಬೈಲ್ ಇರಲಿಲ್ಲ. ಗಾಡಿ ಬಂತು. ನಾವು ಹತ್ತಿದೆವು ಎನ್ನುವುದು ತಪ್ಪು. ಜನ ನಮ್ಮನ್ನು ಹತ್ತಿಸಿಕೊಂಡು ಹೋದರು. ಅಪ್ಪನ ಮುಖ ಯಾರದೋ ಕಂಕುಳಲ್ಲಿ ಸಿಕ್ಕಿಕೊಂಡಿತ್ತು. ಕಣ್ಣು ಮಾತ್ರ ಹೊರಗಿದ್ದು, ಚಾಮುಂಡಿ ಬೆಟ್ಟದ ಬಸ್ಸಿನ ಮಾತಿಗೆ ಕ್ಷಮೆ ಕೇಳುತ್ತಿತ್ತು. ಆ ಮುಖವನ್ನು ನಾನು ಇವತ್ತಿಗೂ ಮದುವೆಮನೆಗಳಲ್ಲಿ ಮಾಡಿ ತೋರಿಸುತ್ತೇನೆ. ತುಂಬ ಬೇಡಿಕೆಯಿದೆ.

ಡೊಂಬಿವಲಿಯಲ್ಲಿ ನಮ್ಮನ್ನು ಉಗುಳಿ ಗಾಡಿ ಹೊರಟಿತು. ಮೆಟ್ಟಿಲ ಹತ್ತಿರ ನಿಂತೆವು. ಸೇತುವೆ ಜನರನ್ನೆಲ್ಲ ಹೀರಿಕೊಂಡಿತು, ಪ್ಲಾಟ್‌ಫಾರ್ಮ್ ಖಾಲಿಯಾಯಿತು. ಅಮ್ಮ ಇಲ್ಲ. ಹಿಂದೆ ಬಂದ ಗಾಡಿಯಲ್ಲೂ ಇಲ್ಲ, ಅದರ ಹಿಂದೆ ಬಂದದ್ದರಲ್ಲೂ ಇಲ್ಲ.

ಅಪ್ಪನನ್ನು ನಗಿಸಲು ನಾನು ಅನೌನ್ಸರ್ ಹೆಂಗಸಿನ ಧ್ವನಿ ತೆಗೆದೆ: "ಯಾತ್ರಿಗಣ್ ಕೃಪಯಾ ಧ್ಯಾನ್ ದೇ..." ಅಪ್ಪ ನನ್ನ ಭುಜದ ಮೇಲೆ ಕೈಯಿಟ್ಟರು. "ಎಲ್ಲೇ ಇರಲಿ, ಸುಖವಾಗಿ ಸಿಕ್ಕಿದ್ರೆ ಸಾಕು ಕಣೋ. ಬರೋದೇನೂ ಬೇಡ ಈ ಊರಿಗೆ. ನಾನೊಬ್ಬನೇ ಇರ್ತೀನಿ, ಕುಕ್ಕರ್ ಇದೆಯಲ್ಲ," ಎಂದರು. ಅಪ್ಪನ ಆ ಧ್ವನಿ ಮಾತ್ರ ನನ್ನ ಗಂಟಲಿಗೆ ಇವತ್ತಿನ ತನಕ ಬಂದಿಲ್ಲ. ಪ್ರಯತ್ನವನ್ನೂ ಮಾಡಿಲ್ಲ.

ಕೊನೆಗೆ ಅಮ್ಮ ಬಂದಳು, ಎದುರು ದಿಕ್ಕಿನಿಂದ. ಡೊಂಬಿವಲಿಯಿಂದ ಮುಂದಿರುವ ಕಲ್ಯಾಣದಿಂದ ವಾಪಸು ಬಂದ ಗಾಡಿಯಿಂದ ಇಳಿದು, ಸೇತುವೆ ಹತ್ತಿ ಇಳಿದು, ಸೆರಗಿನಲ್ಲಿ ಏನನ್ನೋ ಗಂಟು ಕಟ್ಟಿಕೊಂಡು. ಜೊತೆಗೊಬ್ಬ ದೊಡ್ಡ ಕುಂಕುಮದ ಹೆಂಗಸು. ಆಕೆ ವಿಜಯಪುರದ ಕಡೆಯ ಕಸ್ತೂರಕ್ಕ, ಥಾಣೆಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ, ಮನೆ ಕಲ್ಯಾಣದಲ್ಲಿ. ಇದೆಲ್ಲ ಆಮೇಲೆ ತಿಳಿದದ್ದು. ಮೊದಲು ಸಿಕ್ಕಿದ್ದು ಬೈಗುಳ.

"ಏನ್ರೀ ಯಪ್ಪಾ, ಹೇಣ್ತಿನ್ನ ಹಿಂಗ ಗಾಡ್ಯಾಗ ಹಾಕಿ ಕಳಸ್ತೀರಲ್ಲ, ಪಾರ್ಸಲ್ ಏನ್ರೀ ಅವ್ರು? ಡೊಂಬಿವಲಿಗೆ ಇಳಿಯೋರು ಮುಂಬ್ರಾದಾಗ ಎದ್ದು ಬಾಗಲಕ್ಕ ಬರಬೇಕ್ರಿ. ಈ ಯಕ್ಕಾರು ಮೆಂತೆಪಲ್ಲೆ ಸೋಸ್ಕೋತ ಆರಾಮ ಕುಂತ್ರು!"

ನಡೆದದ್ದು ಇಷ್ಟು. ಬಾಗಿಲಲ್ಲಿ ನಿಂತು "ಅಯ್ಯೋ ರಾಮ" ಎಂದ ಅಮ್ಮನನ್ನು ಕಸ್ತೂರಕ್ಕ ಕನ್ನಡದಲ್ಲಿ ಗದರಿ ಒಳಗೆ ಎಳೆದುಕೊಂಡಳು. ಮೂವರ ಸೀಟಿನಲ್ಲಿ ಮೂವರೂ ಒಂದಿಷ್ಟು ಸರಿದು ನಾಲ್ಕನೆಯವಳಿಗೆ ಜಾಗ ಮಾಡಿದರು. ಹೆಂಗಸರೆಲ್ಲ ರಾತ್ರಿಯ ಅಡುಗೆಗೆ ಸೊಪ್ಪು ಬಿಡಿಸುತ್ತ, ಬಟಾಣಿ ಸುಲಿಯುತ್ತ ಕೂತಿದ್ದರು. ಅಮ್ಮನ ಕೈ ಖಾಲಿಯಿರುವುದು ಯಾರಿಗೋ ಸಹಿಸಲಾಗಲಿಲ್ಲ. ಮಡಿಲಿಗೊಂದು ಮೆಂತ್ಯದ ಕಟ್ಟು ಬಿತ್ತು. ಡೊಂಬಿವಲಿ ಬಂದಾಗ ಕಟ್ಟು ಅರ್ಧವಾಗಿತ್ತು. ಅರ್ಧ ಬಿಡಿಸಿದ ಸೊಪ್ಪು ಬಿಟ್ಟು ಏಳುವ ಹೆಂಗಸು ಮೈಸೂರಿನಲ್ಲಿ ಇನ್ನೂ ಹುಟ್ಟಿಲ್ಲ. ಕಟ್ಟು ಮುಗಿಯುವ ಹೊತ್ತಿಗೆ ಕಲ್ಯಾಣ ಬಂದಿತ್ತು, ಅವಳ ಪಾಲಿನ ಸೊಪ್ಪು ಸೆರಗಿನ ಗಂಟಿಗೆ ಬಿದ್ದಿತ್ತು.

"ಮನೆ ಕಲ್ಯಾಣದಲ್ಲಿ ನೋಡಿ," ಎಂದಳು ಅಮ್ಮ.

"ಅಲ್ಲಿ ಒಂದು ಮನೇನೂ ನೋಡಿಲ್ಲ ಕಣೇ!"

"ಮನೇಲಿ ಇನ್ನೇನಿರತ್ತೆ? ಗೋಡೆ ಇರತ್ತೆ, ನಲ್ಲಿ ಇರತ್ತೆ. ಗುರುತಿಲ್ಲದವಳನ್ನ ಬೈದು ಕೂರಿಸಿಕೊಂಡ್ರಲ್ಲ, ಅದಕ್ಕಿಂತ ಏನು ನೋಡ್ಬೇಕು?"

ನಲ್ಲಿ ಇತ್ತು, ನೀರು ಇರಲಿಲ್ಲ ಎಂಬುದು ಬೇರೆ ವಿಷಯ. ಲೋಡ್‌ಶೆಡ್ಡಿಂಗ್ ಬೇರೆ. ಆದರೂ ಆ ವರ್ಷಗಳೇ ಈಗ ಕಣ್ಣಿಗೆ ಕಟ್ಟುವುದು. ಅಮ್ಮ ಥಾಣೆಯ ಶಾಲೆಯೊಂದರಲ್ಲಿ ಕೆಲಸ ಹಿಡಿದು ಕಸ್ತೂರಕ್ಕನ ಗುಂಪಿನ ಕಾಯಂ ಸದಸ್ಯೆಯಾದಳು. ದಸರೆ ಬಂದರೆ ಹೆಂಗಸರು ಡಬ್ಬಿಗೆಲ್ಲ ಚೆಂಡುಹೂವು, ಮಾವಿನ ತೋರಣ ಕಟ್ಟಿ ಪೂಜೆ ಮಾಡುತ್ತಿದ್ದರು. ಮೈಸೂರಿನ ಅಂಬಾರಿ ಬಿಟ್ಟು ಬಂದವಳು ಬೆಳಗಿನ ಲೋಕಲ್ಲಿಗೆ ಆರತಿ ಎತ್ತುತ್ತಿದ್ದಳು. ಆ ಪುಟ್ಟ ಕುಕ್ಕರಿನಲ್ಲಿ ಮಾತ್ರ ಒಂದು ದಿನವೂ ಅನ್ನ ಮಾಡಲಿಲ್ಲ. ಅದರ ತುಂಬ ಬ್ಯಾಡಗಿ ಮೆಣಸಿನಕಾಯಿ ತುಂಬಿಟ್ಟಳು, ಅಪ್ಪ ಒಬ್ಬರೇ ಇರುತ್ತೇನೆಂದು ಹೊರಟರೂ ಒಲೆಗೆ ಏರದ ಹಾಗೆ.

ಈಗ ಕಸ್ತೂರಕ್ಕ ಮಗನ ಜೊತೆ ಬದಲಾಪುರದಲ್ಲಿದ್ದಾಳೆ. ಡಬ್ಬಿಯಲ್ಲಿ ಕೈಗಳೆಲ್ಲ ಫೋನು ಸೋಸುತ್ತಿವೆಯಂತೆ, ಬಿಡಿಸಿದ ಮೆಂತ್ಯ ಪ್ಯಾಕೆಟ್ಟಿನಲ್ಲೇ ಸಿಗುತ್ತದೆ. ಅಮ್ಮ ಮಾತ್ರ ಮನೆಯ ಸೋಫಾದಲ್ಲಿ ಒಬ್ಬಳೇ ಕೂತಾಗಲೂ ಒಂದು ಬದಿಗೆ ಸರಿದೇ ಕೂರುತ್ತಾಳೆ.

ಮಧು ಬಂದ, ಭಾನುವಾರವೇ. ಗಾಡಿಯಲ್ಲಿ ಕಾಲು ಚಾಚಿಕೊಂಡೇ ಬಂದನಂತೆ. ಊಟ ಮಾಡುತ್ತ, "ಏರಿಯಾ ಎಲ್ಲ ಚೆನ್ನಾಗೇ ಇದೆ ಮಾರಾಯ. ಆದರೂ ಸದ್ಯಕ್ಕೆ ಹೆಂಡತಿ ಮಕ್ಕಳು ಬೆಂಗಳೂರಲ್ಲೇ ಇರಲಿ ಅಂತ. ಇಲ್ಲಿ ಚಿಕ್ಕದೊಂದು ಕುಕ್ಕರ್ ಎಲ್ಲಿ ಸಿಗತ್ತೆ?" ಎಂದ.

ಒಳಗಿನಿಂದ ಅಮ್ಮ ಬಡಿಸುವ ಸೌಟು ನಿಲ್ಲಿಸಿದ್ದು ಕೇಳಿಸಿತು. ನಾನು ಯಾರ ಧ್ವನಿಯನ್ನೂ ಸಾಲ ತೆಗೆಯದೆ ನನ್ನ ಸ್ವಂತ ಧ್ವನಿಯಲ್ಲೇ ಹೇಳಿದೆ:

"ಏರಿಯಾ ಯಾವುದಾದರೂ ನೋಡ್ಕೊಳೋ. ಕುಕ್ಕರ್ ಮಾತ್ರ ದೊಡ್ಡದು ತಗೋ."