ಮಂಜುಳಾಗೆ ಕೊಟ್ಟ ಎರಡು ಅಂಕ

ಮಂಜುಳಾಗೆ ನಾನು ಹತ್ತಕ್ಕೆ ಎರಡು ಅಂಕ ಕೊಟ್ಟೆ — ಅವಳಿಗೆ ಒಂಬತ್ತಾದರೂ ಸಿಗಬೇಕಿತ್ತು ಎಂದು ಗೊತ್ತಿದ್ದೂ. ಯಾಕೆಂದು ಕೇಳಿದಾಗ ಸುಳ್ಳು ಹೇಳಿದೆ. ಕಣ್ತಪ್ಪಲ್ಲ, ಮರೆವಲ್ಲ. ಬೇಕೆಂದೇ ಮಾಡಿದೆ.

ಟಿ. ದಾಸರಹಳ್ಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಕೈಗಾರಿಕಾ ಕಾನೂನು ಕಲಿಸುತ್ತೇನೆ. ತರಗತಿಯ ಚರ್ಚೆಯಲ್ಲಿ ಪಾಲ್ಗೊಂಡದ್ದಕ್ಕೆ ಹತ್ತು ಅಂಕ. ಅದು ಪೂರ್ತಿ ಮೇಷ್ಟರ ಕೈಯಲ್ಲಿ. ಯಾರಾದರೂ ತೂಕದ ಮಾತಾಡಿದರೆ ನನ್ನ ಪುಸ್ತಕದಲ್ಲಿ ಅವರ ಹೆಸರಿನ ಮುಂದೊಂದು ಗೆರೆ ಎಳೆಯುತ್ತಿದ್ದೆ. ಎಂಟು ವರ್ಷದ ಹಿಂದೆ, ಎಲ್ಲರಿಗಿಂತ ಹೆಚ್ಚು ಗೆರೆಗಳಿದ್ದದ್ದು ಮಾಕಳಿಯಿಂದ ಬರುತ್ತಿದ್ದ ಮಂಜುಳಾಳ ಹೆಸರಿನ ಮುಂದೆ.

ಒಂದು ದಿನ ಕಾರ್ಮಿಕರ ಸೌಲಭ್ಯಗಳ ಪಾಠ. ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಈಗ ಇದ್ದೇ ಇರುತ್ತದೆ ಎಂದೆ. ಮಂಜುಳಾ ಎದ್ದು ನಿಂತಳು.

"ನಮ್ಮಮ್ಮನ ಗಾರ್ಮೆಂಟ್ಸಲ್ಲಿ ಬೋರ್ಡ್ ಐತೆ ಸಾರ್. ಒಳಗಡೆ ಬಟ್ಟೆ ಬಂಡಲ್ ತುಂಬವ್ರೆ. ನೀವ್ ಯಾವತ್ತಾದ್ರೂ ಒಂದು ಫ್ಯಾಕ್ಟ್ರಿ ಒಳಕ್ಕೋಗಿ ನೋಡಿದ್ದೀರಾ?"

ಇಡೀ ತರಗತಿ ನಕ್ಕಿತು. ನಾನು ಹೋಗಿರಲಿಲ್ಲ. ಹದಿನೈದು ವರ್ಷ ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ ಕೂತು ಕಾರ್ಖಾನೆಗಳ ಕಾನೂನು ಕಲಿಸಿದವನು — ಒಂದು ಕಾರ್ಖಾನೆಯ ಗೇಟನ್ನೂ ದಾಟಿರಲಿಲ್ಲ. ಆ ನಗು ನನ್ನನ್ನು ಚುಚ್ಚಿತು. ತಿಂಗಳ ಕೊನೆಗೆ ಅಂಕ ಹಾಕುವಾಗಲೂ ಚುಚ್ಚುತ್ತಲೇ ಇತ್ತು.

ಅಂಕಪಟ್ಟಿ ಹಾಕಿದ ದಿನ ಅವಳು ಸಿಬ್ಬಂದಿ ಕೋಣೆಗೆ ಬಂದಳು. "ಸಾರ್, ನಾನ್ ಎಷ್ಟು ಸಲ ಮಾತಾಡಿದೀನಿ ಅಂತ ಬರ್ಕೊಂಡಿದ್ದೀರಲ್ಲ, ಒಂದ್ಸಲ ತೋರ್ಸಿ."

ಪುಸ್ತಕ ನನ್ನ ಮೊಣಕೈ ಕೆಳಗೇ ಇತ್ತು. "ನೀನು ಮಾತಾಡಿದ್ದು ಒಂದೋ ಎರಡೋ ಸಲ. ಸುಮ್ನೆ ಸುಳ್ಳು ಹೇಳ್ಬೇಡ," ಎಂದೆ.

ಮರುದಿನ ಅವಳ ಅಪ್ಪ ಬಂದರು — ಪೀಣ್ಯದಲ್ಲಿ ಲೇತ್ ಮಷಿನ್ ನಡೆಸುವವರು, ಅರ್ಧ ದಿನ ರಜೆ ಹಾಕಿ. ನಿಮ್ಮ ಮಗಳು ತರಗತಿಯಲ್ಲಿ ಬಾಯೇ ಬಿಡುವುದಿಲ್ಲ ಎಂದು ಅವರಿಗೂ ಹೇಳಿದೆ. ಆ ಮನುಷ್ಯ ನನಗೆ ಕೈಮುಗಿದು ಹೋದರು. ಆ ವರ್ಷ ಕಾಲೇಜಿನಿಂದ ಒಂದು ದೊಡ್ಡ ಕಾರ್ಖಾನೆಯ ಕಚೇರಿಗೆ ತರಬೇತಿಗೆ ಹೋದವರು ಇಬ್ಬರು. ಅಂಕ ನೋಡಿ ಮಾಡಿದ ಪಟ್ಟಿಯಲ್ಲಿ ಮಂಜುಳಾ ಮೂರನೆಯವಳು. ಆಮೇಲೆ ನನ್ನ ತರಗತಿಯಲ್ಲಿ ಅವಳ ದನಿ ಕೇಳಲೇ ಇಲ್ಲ.

ಹೋದ ತಿಂಗಳು ಪೋಷಕರ ಸಭೆಗೆ ಅವಳು ಬಂದಳು. ತಂಗಿ ಶ್ವೇತಾ ನಮ್ಮಲ್ಲೇ ಸೇರಿದ್ದಾಳೆ. ಮಂಜುಳಾ ಈಗ ಅಮ್ಮನಿದ್ದ ಗಾರ್ಮೆಂಟ್ಸಲ್ಲೇ ಹೊಲಿಗೆ ಮಷಿನ್ ಮುಂದೆ ಕೂರುತ್ತಾಳೆ — ಡಿಗ್ರಿ ಮುಗಿಸಿಯೂ.

"ಇವಳು ಮಾತು ಜಾಸ್ತಿ ಸಾರ್," ಎಂದಳು, ತಂಗಿಯನ್ನು ತೋರಿಸಿ. "ಕ್ಲಾಸಲ್ಲಿ ಸುಮ್ನಿರು ಅಂತ ಹೇಳಿದೀನಿ. ಏನಾದ್ರೂ ಅಂದಿದ್ರೆ ಮನಸಲ್ಲಿ ಇಟ್ಕೋಬೇಡಿ."

ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು — ಆದರೂ ನೋಡಿದೆ. ಶ್ವೇತಾಳ ಎದುರಿಗೇ ಹೇಳಿದೆ: "ಅವತ್ತು ಸುಳ್ಳು ಹೇಳಿದ್ದು ನಾನು ಕಣಮ್ಮ. ನೀನಲ್ಲ."

"ನಂಗೊತ್ತು ಸಾರ್. ನಮ್ಮಪ್ಪಂಗೆ ಗೊತ್ತಿಲ್ಲ. ಮೇಷ್ಟ್ರು ಯಾಕ್ ಸುಳ್ಳು ಹೇಳ್ತಾರೆ, ನೀನೇ ಹೇಳ್ತಿದೀಯ ಅಂದ್ರು. ಡಿಗ್ರಿ ಆದ್ಮೇಲೆ ಮುಂದಕ್ಕೆ ಓದ್ಸಲ್ಲ ಅಂದ್ರು. ಅವ್ರಿಗೆ ಹೇಳಿ."

ಭಾನುವಾರ ಮಾಕಳಿಗೆ ಹೋದೆ. ಅವಳ ಅಪ್ಪ ಕುರ್ಚಿ ಒರೆಸಿ ಹಾಕಿದರು. ನಾನು ಕೂರಲಿಲ್ಲ, ನಿಂತೇ ಎಲ್ಲವನ್ನೂ ಹೇಳಿದೆ. ಅವರು ನನ್ನ ಕಡೆ ತಿರುಗಲೇ ಇಲ್ಲ. ಮಗಳನ್ನೇ ನೋಡುತ್ತಿದ್ದರು.

"ನಿನ್ ಮಾತು ನಂಬಬೇಕಿತ್ತು ಕಣವ್ವ."

"ಎಂಟ್ ವರ್ಷ ಆಯ್ತಪ್ಪ," ಎಂದಳು ಮಂಜುಳಾ. ಅಷ್ಟೇ.

ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದೂ ಅವಳ ಮೇಲೆ ಹೊರಿಸಿದ ಇನ್ನೊಂದು ಹೊರೆಯಾಗುತ್ತಿತ್ತು. ಸೋಮವಾರ ಪ್ರಾಂಶುಪಾಲರಿಗೆ ಪತ್ರ ಬರೆದು ಕೊಟ್ಟಿದ್ದೇನೆ. ಏನು ಕ್ರಮ ಕೈಗೊಂಡರೂ ಒಪ್ಪಿಕೊಳ್ಳುತ್ತೇನೆ. ಪತ್ರದಲ್ಲಿ ನನ್ನ ಪರವಾದ ಕಾರಣ ಒಂದೂ ಇಲ್ಲ — ಆ ಹುಡುಗಿ ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು ಎಂದಷ್ಟೇ ಬರೆದು ಸಹಿ ಹಾಕಿದ್ದೇನೆ.